ಮಗ್ಗೆಯ ಒಡೆದ ಒರಳು

ಮಗ್ಗೆ ಊರು ದಾಟಿದ ಮೇಲೆ, ಭೂವಿಜ್ಞಾನ ಕಲಿಸುವ ನನ್ನ ಗೆಳತಿ ಸುಮಾ ಇದ್ದಕ್ಕಿದ್ದಂತೆ ಕಾರು ನಿಲ್ಲಿಸಿದಳು. ರಸ್ತೆ ಬದಿಯಲ್ಲಿ ಒರಳುಕಲ್ಲು ಕೆತ್ತುವ ಹೆಂಗಸೊಬ್ಬರು ಎರಡು ಹೋಳಾದ ಒರಳಿನ ಮುಂದೆ ಕೂತಿದ್ದರು. ಹೆಸರು ಕೆಂಚಮ್ಮ.

“ಮೂರ್ ದಿನದ ಕೆಲ್ಸ. ಬೆಳಿಗ್ಗೆ ಒಂದೇ ಏಟ್ಗೆ ಹೋಗ್ಬುಡ್ತು” ಎಂದರು.

ಒಡೆದ ಮೈಯಲ್ಲಿ ಕಪ್ಪು ಬಿಳಿ ಪಟ್ಟೆಗಳು ಹೊಳೆಯುತ್ತಿದ್ದವು. ಸುಮಾ ಒಂದು ಚೂರು ಕೇಳಿದಳು.

“ಒಡೆದಿದ್ದು ತಗಂಡು ಏನ್ ಮಾಡ್ತೀರವ್ವ?”

ಕಲ್ಲಿನ ವಯಸ್ಸು ತಿಳಿಯಬೇಕು ಎಂದಳು ಸುಮಾ. ಇದರೊಳಗೆ ಮರಳಿಗಿಂತ ಸಣ್ಣ ಹರಳುಗಳಿವೆ. ಅವುಗಳಲ್ಲಿರುವ ಯುರೇನಿಯಂ ಬಹಳ ನಿಧಾನವಾಗಿ ಸೀಸವಾಗುತ್ತದೆ. ಎಷ್ಟು ಸೀಸವಾಗಿದೆ ಎಂದು ಅಳೆದರೆ ಹರಳು ಹುಟ್ಟಿ ಎಷ್ಟು ಕಾಲವಾಯಿತೆಂದು ಗೊತ್ತಾಗುತ್ತದೆ.

ನನಗೆ ಅರ್ಥವಾಗುವ ಮೊದಲೇ ಕೆಂಚಮ್ಮ ತಲೆಯಾಡಿಸಿದರು. “ಹಾಲು ಹೆಪ್ಪಾದಂಗೆ ಅನ್ನಿ. ಎಷ್ಟು ಗಟ್ಟಿಯಾಗೈತೆ ಅಂತ ನೋಡಿದ್ರೆ, ಹೆಪ್ಪು ಹಾಕಿದ್ದು ಯಾವಾಗ ಅಂತ ಗೊತ್ತಾಯ್ತದೆ.”

ಸುಮಾ ಖುಷಿಯಿಂದ ನನ್ನ ಭುಜ ಹಿಡಿದಳು. ಅವಳು ಅಂಚಿನ ಚೂರೊಂದಕ್ಕೆ ಕೈ ಹಾಕಿದಾಗ ಕೆಂಚಮ್ಮ ತಡೆದರು. “ಅದು ಬಿಸಿಲು ಮಳೆ ತಿಂದಿರೋದು ಕಣವ್ವ” ಎಂದು, ಉಳಿಯಿಟ್ಟು ನಡುವಿನಿಂದ ಮುಷ್ಟಿಯಷ್ಟು ಕಲ್ಲು ತೆಗೆದುಕೊಟ್ಟರು. ಸುಮಾಗೆ ಬೇಕಾಗಿದ್ದೂ ಅದೇ.

“ಇದ್ರ ವಯಸ್ಸು ಅಂದಾಜು ಎಷ್ಟಿರ್ಬೋದು?” ಎಂದು ಕೆಂಚಮ್ಮ ಕೇಳಿದರು.

“ಈ ಕಡೆಯ ಇಂಥ ಕಲ್ಲಿಗೆ ಸುಮಾರು ಮುನ್ನೂರು ಕೋಟಿ ವರ್ಷ ಅಂತಾರೆ, ಅಮ್ಮ.”

ಕೆಂಚಮ್ಮ ಎರಡೂ ಹೋಳುಗಳನ್ನು ಮೆಲ್ಲಗೆ ಸವರಿದರು.

“ಅಷ್ಟು ವರ್ಷ ಗಟ್ಟಿಯಾಗೇ ಇತ್ತಲ್ಲ! ನನ್ ಕೈಗೆ ಬಂದೇ ಒಡೀಬೇಕಿತ್ತಾ ಮಾರಾಯ್ತಿ?” ಎಂದವರು ನಕ್ಕೇಬಿಟ್ಟರು.