ಬೆಳಗಿನ ತಂಪಿನ ಅಳತೆ

ನಾವೆಲ್ಲ ಅಕ್ಕ ಎನ್ನುತ್ತಿದ್ದವರ ಬಲಗೈ ತೋರುಬೆರಳಿನ ತುದಿಯಲ್ಲಿ ರೇಖೆಗಳೇ ಇರಲಿಲ್ಲ. ವರ್ಷಗಟ್ಟಲೆ ಬಿಸಿನೀರಿನಲ್ಲಿ ರೇಷ್ಮೆಗೂಡಿನ ಎಳೆ ಹುಡುಕಿ ಸವೆದ ಬೆರಳು. ಅದು ಎಡಗೈಯೇ ಆಗಿದ್ದರೂ ಆಗಿರಬಹುದು. ನನ್ನ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ.

ರಾಮನಗರದ ಹೊರಗೆ ಹೊಸದಾಗಿ ಎದ್ದ ಶೆಡ್ಡುಗಳಲ್ಲಿ ಒಂದರಲ್ಲಿ ಅಣುಸ್ಥಾವರದ ಉಪಕರಣಗಳಿಗೆ ಸರ್ಕ್ಯೂಟ್ ಬೋರ್ಡ್ ಮಾಡುತ್ತಿದ್ದೆವು. ನ್ಯೂಟ್ರಾನ್ ಬಡಿದರೆ ಟ್ರಾನ್ಸಿಸ್ಟರಿನ ಗೇನ್, ಎಂದರೆ ಸಣ್ಣ ಕರೆಂಟನ್ನು ಹಿಗ್ಗಿಸುವ ಶಕ್ತಿ, ಕುಗ್ಗುತ್ತದೆ. ಎಷ್ಟು ಕುಗ್ಗಿತೆಂದು ತಿಳಿಯಲು ಮಾದರಿಗಳನ್ನು ಅಳೆದು, ದೂರದ ಪ್ರಯೋಗಾಲಯದಲ್ಲಿ ನ್ಯೂಟ್ರಾನ್‌ಗೆ ಒಡ್ಡಿ ತರಿಸಿ, ಮತ್ತೆ ಅಳೆಯಬೇಕಿತ್ತು. ಅಳೆಯುವವರು ಈ ಅಕ್ಕ. ವಿರೂಪಾಕ್ಷಿಪುರದಿಂದ ಮೊದಲ ಬಸ್ಸಿಗೆ ಬಂದು, ಮೀಟರ್ ಮುಟ್ಟುವ ಮುಂಚೆ ಗೋಡೆಯ ಥರ್ಮಾಮೀಟರ್ ನೋಡಿ ರಿಜಿಸ್ಟರಿಗೆ ಬರೆಯುತ್ತಿದ್ದರು. ಎಂ.ಎಸ್ಸಿ. ಮುಗಿಸಿ ಬಂದ ನನಗೆ ಅದೊಂದು ಮಡಿಯಂತೆ ಕಾಣುತ್ತಿತ್ತು.

ಒಂದು ಬೇಸಿಗೆಯ ಮಧ್ಯಾಹ್ನ ಕರೆಂಟ್ ಹೋಗಿತ್ತು. ಜನರೇಟರ್ ಮೀಟರಿಗಷ್ಟೇ ಸಾಕಾಗುತ್ತಿತ್ತು, ಎ.ಸಿ. ನಿಂತಿತ್ತು. ಅಕ್ಕ ಊಟಕ್ಕೆ ಹೋಗಿದ್ದಾಗ, ನ್ಯೂಟ್ರಾನ್ ತಿಂದು ಬಂದ ಮಾದರಿಗಳನ್ನು ನಾನೇ ಅಳೆದು ರಿಜಿಸ್ಟರಿನಲ್ಲಿ ಬರೆದೆ. ಗೇನ್ ಎಲ್ಲದರಲ್ಲೂ ಇರಲೇಬೇಕಾದ ಕನಿಷ್ಠ ಮಿತಿಗಿಂತ ಕೂದಲೆಳೆಯಷ್ಟು ಮೇಲೆ. ಪಾಸು. ಮಾಲೀಕರು ಸರಕು ಕಳಿಸಲು ವರದಿಗೆ ಕಾಯುತ್ತಿದ್ದರು.

"ಇದು ಲೆಕ್ಕಕ್ಕೆ ಬರಕಿಲ್ಲ ಸಾರ್," ಎಂದರು ಅಕ್ಕ, ಕೈ ಒರೆಸಿಕೊಳ್ಳುತ್ತ. "ಮೊದ್ಲು ಅಳ್ದಿದ್ದು ಬೆಳಗಿನ ತಂಪಲ್ಲಿ. ಸೆಕೆಗೆ ಗೇನು ಉಬ್ಕತದೆ."

"ಏನಮ್ಮೋ, ಸೈಂಟಿಸ್ಟ್ ಆಗ್ಬುಟ್ಯಾ?" ಮಾಲೀಕರು ನಕ್ಕರು. "ಗಾಡಿ ನಿಂತೈತೆ."

"ಗೂಡು ಬೇಯ್ಸೋವಾಗ್ಲೂ ನೀರಿನ ಬಿಸಿ ನೋಡ್ಕಂಡೇ ಎಳೆ ತೆಗೀತಿದ್ದಿದ್ದು. ಗಾಡಿ ನಾಳೀಕೂ ನಿಲ್ತದೆ ಬುಡಿ. ಸ್ಥಾವರದೊಳ್ಗೆ ಹೋಗಿ ಕೂತ್ಮೇಲೆ ಬೋರ್ಡ್ ಕೆಟ್ರೆ, ಯಾರು ಒಳಗೋಗಿ ಬಿಚ್ತಾರೆ?"

ರಿಜಿಸ್ಟರಿನಲ್ಲಿ ಏನೋ ಗೀಚಿ, ಮುಚ್ಚಿ, ಮಡಿಲಲ್ಲಿಟ್ಟುಕೊಂಡು ಕೂತರು. ಸಂಜೆಯವರೆಗೂ ಏಳಲಿಲ್ಲ.

ಮರುದಿನ ಮೊದಲಿನಷ್ಟೇ ತಂಪಿನಲ್ಲಿ ಅಳೆದೆವು. ಏಳು ಟ್ರಾನ್ಸಿಸ್ಟರ್ ಮಿತಿಯ ಕೆಳಗೆ. ಇಡೀ ಲಾಟು ಫೇಲಾಯಿತು. ಮಾಲೀಕರು ವಾರಗಟ್ಟಲೆ ಅಕ್ಕನೊಡನೆ ಮಾತು ಬಿಟ್ಟರು. "ಮಾತಿಲ್ದಿದ್ರೆ ಕೆಲ್ಸ ಬ್ಯಾಗ ಆಯ್ತದೆ," ಎಂದರು ಅಕ್ಕ.

ಮುಂದೆ ನಾನು ಕಾಲೇಜಿಗೆ ಸೇರಿ ಪಾಠ ಮಾಡುವಾಗ, ಆ ತಪ್ಪು ಹಿಡಿದದ್ದು ನಾನೇ ಎಂದು ಹೇಳುತ್ತಾ ಬಂದೆ. ಹೇಳಿ ಹೇಳಿ ನಂಬಿಯೂ ಬಿಟ್ಟೆ. ಅಕ್ಕ ತೀರಿಕೊಂಡ ಮೇಲೆ, ಶೆಡ್ ಖಾಲಿ ಮಾಡುವಾಗ ನೋಡಲು ಹೋಗಿದ್ದ ನನ್ನ ಕೈಗೆ ಆ ರಿಜಿಸ್ಟರ್ ಬಂತು. ನನ್ನ ಅಂಕಿಗಳ ಮೇಲೆ ಅಡ್ಡಗೆರೆ. ಪಕ್ಕದಲ್ಲಿ ಅವರ ದುಂಡಕ್ಷರ: 'ಸೆಕೆ. ನಾಳೆ ಬೆಳಿಗ್ಗೆ ಮತ್ತೆ.' ಕೆಳಗೆ ಮರುದಿನದ ಅಂಕಿಗಳು, ಅವುಗಳಡಿ, ಒಪ್ಪಿ ಹಾಕಿದ ನನ್ನದೇ ಸಹಿ.

ಈಗ ಆ ಪುಟವನ್ನು ವಿದ್ಯಾರ್ಥಿಗಳ ಮುಂದಿಟ್ಟು, ಇದು ಅಕ್ಕನ ಪಾಠ ಎಂದು ಹೇಳಿ, ಗೋಡೆಯ ಥರ್ಮಾಮೀಟರ್ ಓದಿಸಿಯೇ ಮೊದಲ ಅಳತೆ ಶುರುಮಾಡುತ್ತೇನೆ.