ಬೆಳಕಿಂಡಿಯ ಮೇಲಿನ ಟ್ಯಾಬ್

ಕರೋನಾ ತಣ್ಣಗಾದ ಮರುವರ್ಷ ಒಂದು ಟ್ರಸ್ಟಿನ ಸಂಚಾರಿ ಆರೋಗ್ಯ ಗಾಡಿಯಲ್ಲಿ ನನಗೆ ಗುತ್ತಿಗೆ ನೌಕರಿ ಸಿಕ್ಕಿತು. ಆರ್ಡರಿನಲ್ಲಿ ಹುದ್ದೆಯ ಹೆಸರು ‘ಟೆಲಿಮೆಡಿಸಿನ್ ಸಹಾಯಕ’. ಕೆಲಸ ಇಷ್ಟೇ: ಅಂಗಿಯ ಕಿಸೆಯಲ್ಲಿ ಹಿಡಿಸುವಂಥ ಪುಟ್ಟ ಇಂಟರ್ನೆಟ್ ಟ್ಯಾಬನ್ನು ರೋಗಿಯ ಮುಖದ ಮುಂದೆ ಹಿಡಿಯಬೇಕು, ಕಲಬುರಗಿಯಲ್ಲಿ ಕೂತ ಡಾಕ್ಟರ್ ಅದರೊಳಗಿಂದ ಅವರನ್ನು ನೋಡಬೇಕು. ಡಿಗ್ರಿ ಮುಗಿಸಿದ ನಾನು ಕೊನೆಗೆ ಟ್ಯಾಬಿನ ಸ್ಟ್ಯಾಂಡ್ ಆಗಿದ್ದೆ.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಎಂದು ವಾರವಿಡೀ ತಿರುಗಾಟ. ಆ ಟ್ಯಾಬಿನೊಂದಿಗೆ ಬಾಳುವುದೆಂದರೆ ಮುನಿಸಿನ ಮಾವನೊಂದಿಗೆ ಬಾಳಿದಂತೆ. ಚಿಂಚೋಳಿ ದಾಟಿ ಗಡಿಯ ಕಡೆ ಹೋದರೆ ತೆಲಂಗಾಣದ ಟವರ್ ಹಿಡಿದು ನನಗೆ ತೆಲುಗಿನಲ್ಲಿ ಸ್ವಾಗತ ಹೇಳುತ್ತಿತ್ತು. ಶಹಾಬಾದಿನ ಬಿಸಿಲಿಗೆ ಕಾದು ತಾನೇ ಆರಿಹೋಗುತ್ತಿತ್ತು. ಆಗ ಚಹಾದಂಗಡಿಯ ನೀರಿನ ಮಡಕೆಯ ಪಕ್ಕ ಕೂರಿಸಿ ರಮಿಸಬೇಕು. ಸೇಡಂ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಮುತ್ಯಾ ಅದನ್ನು ನೋಡಿ ನನ್ನ ಮುಂದೆ ಕೈ ಚಾಚಿ, “ಕಂಡಕ್ಟರ್‌ಸಾಬ್, ಮಳಖೇಡಕ್ಕ ಒಂದು ಕೊಡ್ರಿ” ಅಂದಿದ್ದ. ಅದರ ಕ್ಯಾಮೆರಾಕ್ಕೊಂದು ಚಟವಿತ್ತು: ಯಾರನ್ನು ತೆಗೆದರೂ ಬೆಳ್ಳಗೆ, ನುಣ್ಣಗೆ ಮಾಡುತ್ತಿತ್ತು. ಅದರಲ್ಲಿ ತೆಗೆದ ನನ್ನ ಫೋಟೊವನ್ನು ಅವ್ವ ಹೆಣ್ಣಿನ ಕಡೆಯವರಿಗೆ ಕಳಿಸಿದಳು. ಅವರು ಬಂದು ನನ್ನನ್ನೇ, “ಹುಡುಗ ಎಲ್ಲಿ ಅದಾನ್ರಿ?” ಎಂದು ಕೇಳಿ, ಚಹಾ ಕುಡಿದು ಹೋದರು.

ಗಾಡಿಗೆ ಒಂದು ಕಾನೂನಿತ್ತು. ಡಾಕ್ಟರ್ ಟ್ಯಾಬಿನಲ್ಲಿ ರೋಗಿಯನ್ನು ನೇರವಾಗಿ ನೋಡಿ ಒಪ್ಪಬೇಕು. ಒಪ್ಪಿದ ಮೇಲೆ ಪರದೆಯಲ್ಲಿ ಒಂದು ನಂಬರ್ ಮೂಡುತ್ತದೆ. ಆ ನಂಬರ್ ಇಲ್ಲದೆ ಯಾರನ್ನೂ ಗಾಡಿಯಲ್ಲಿ ಕೂರಿಸುವಂತಿಲ್ಲ.

ಒಂದು ಮುಂಜಾನೆ ವಾಡಿಯ ಆಚೆಗಿನ ಹಳ್ಳಿಯೊಂದರಲ್ಲಿ ಗಾಡಿ ನಿಲ್ಲಿಸುತ್ತಿದ್ದಂತೆ ಕಾಶಮ್ಮ ಎಂಬ ಮುದುಕಿ ಓಡಿ ಬಂದಳು. ಆಕೆಯ ಮಗಳು ಭಾಗ್ಯ ಬಾಣಂತಿ. ಕೂಸಿಗೆ ಇನ್ನೂ ವಾರ ತುಂಬಿರಲಿಲ್ಲ.

“ನಿನ್ನಿಲಿಂದ ಕೂಸು ಮೊಲಿ ಹಿಡಿವಲ್ದು ಯಪ್ಪಾ. ಅಳಬೇಕಾದ್ರ ಬಿಲ್ಲಿನಂಗ ಹಿಂದಕ್ಕ ಬಾಗ್ತದ.”

ಮನೆ ಆ ಸೀಮೆಯ ಎಲ್ಲ ಮನೆಗಳಂತೆಯೇ. ಗೋಡೆ ಕಲ್ಲು, ನೆಲ ಫರಸಿ ಕಲ್ಲು, ಮಾಳಿಗೆಯೂ ಫರಸಿ ಕಲ್ಲು, ಅದರಲ್ಲೊಂದು ಬೆಳಕಿಂಡಿ. ಬಾಣಂತಿ ಕೋಣೆಯಲ್ಲಿ ಕತ್ತಲು, ಹೊಗೆ, ಬೆಳ್ಳುಳ್ಳಿಯ ವಾಸನೆ. ಟ್ಯಾಬ್ ಹೊಸ್ತಿಲು ದಾಟಿದ ಕೂಡಲೇ ನೆಟ್‌ವರ್ಕ್ ಸತ್ತಿತು. ಕೂಸಿನ ಮೈ ಹಳದಿ ಕಂಡಿತು. ಆದರೆ ಬೆಳಿಗ್ಗೆಯೇ ಅರಿಷಿಣ ಹಚ್ಚಿ ಎರೆದಿದ್ದರು, ಹಾಗಾಗಿ ಯಾರೂ ಗಾಬರಿಯಾಗಿರಲಿಲ್ಲ. ಫೋಟೊ ತೆಗೆದು ಅಂಗಳಕ್ಕೆ ಓಡಿ ಕಳಿಸಿದೆ. ಟ್ಯಾಬು ತನ್ನ ಚಟ ಬಿಡಲಿಲ್ಲ. ಕೂಸನ್ನು ಪೌಡರ್ ಡಬ್ಬಿಯ ಮೇಲಿನ ಚಿತ್ರದಂತೆ ಗುಲಾಬಿ ಮಾಡಿಬಿಟ್ಟಿತು.

“ಇದರಲ್ಲಿ ಬಣ್ಣ ಗೊತ್ತಾಗಲ್ಲ. ಹೊರಗೆ ಬೆಳಕಿಗೆ ತಂದು ವಿಡಿಯೊದಲ್ಲಿ ತೋರಿಸಿ” ಅಂದರು ಡಾಕ್ಟರ್ ಮೇಡಂ.

ಕಾಶಮ್ಮ ಬಾಗಿಲಿಗೆ ಅಡ್ಡ ನಿಂತಳು. ತೊಟ್ಟಿಲ ಕಾರ್ಯ ಆಗುವವರೆಗೆ ಕೂಸನ್ನು ಹೊರಗೆ ತರುವ ಪದ್ಧತಿ ಅಲ್ಲಿಲ್ಲ. ಅಷ್ಟರಲ್ಲಿ ಅಂಗಳದಲ್ಲಿ ಓಣಿಯೇ ನೆರೆದಿತ್ತು.

“ದವಾಖಾನಿಗಿ ಒಯ್ತೀನಂದ್ರ ಈಗೇ ಸುತ್ತಿ ಕೊಡ್ತೀನಿ. ಇಷ್ಟು ಮಂದಿ ಕಣ್ಣ ಮುಂದ ಬಿಚ್ಚಿ ತೋರ್ಸು ಅಂದ್ರ ಆಗಂಗಿಲ್ಲ. ನಿನ್ನ ಗಾಡಿ ಅಲ್ಲೇ ನಿಂತದಲ, ನಡಿ.”

ಊರಬಾಗಿಲ ಅಗಸಿಯ ಹತ್ತಿರ ನಿಂತಿದ್ದ ಗಾಡಿಗೆ ಓಡಿದೆ. ಡ್ರೈವರ್ ಖಾಜಾಭಾಯಿ ಸ್ಟೇರಿಂಗ್ ಮೇಲೆ ತಲೆ ಇಟ್ಟುಕೊಂಡು ಹೇಳಿದ: “ಮಲ್ಲು, ನನಗ ಮೂರು ಮಕ್ಕಳು. ನಂಬರ್ ಇಲ್ದ ಕೂಡ್ರಿಸಿದ್ರ ನಾಳಿ ಇದೇ ಗಾಡಿ ನನ್ನ ಬಿಟ್ಟು ಹೋಗ್ತದ. ಆಫೀಸಿಗಿ ಕೇಳು.”

ಆಫೀಸಿಗೆ ಕೇಳಿದೆ. ಅವರು ಮೇಲಿನವರನ್ನು ಕೇಳಿ ಹೇಳುತ್ತೇವೆ ಅಂದರು. ನಾನು ಅಂಗಳಕ್ಕೂ ಕೋಣೆಗೂ ಅಗಸಿಗೂ ಅಂಚೆ ಹಂಚುತ್ತ ಓಡಾಡಿದೆ. ಬಾಗಿಲ ಚೌಕಟ್ಟಿಗೆ ಹಣೆ ಬಡಿಯಿತು, ಬುಗುಟೆ ಎದ್ದಿತು. ಬಿಸಿಲು ನೆತ್ತಿಗೆ ಬಂತು, ಮೇಲಿನವರ ಮಾತು ಮಾತ್ರ ಬರಲಿಲ್ಲ. ಒಳಗೆ ಕೂಸಿನ ಅಳು ಸಣ್ಣದಾಗುತ್ತ, ಚೂಪಾಗುತ್ತ ಹೋಯಿತು.

ಕೈಸೋತು ಒಂದು ಕುಚೋದ್ಯ ಮಾಡಿದೆ. “ಆಯಿ, ಹಂಗಾದ್ರ ನಾನು ಮಾಳಗಿ ಏರಿ ಬೆಳಕಿಂಡ್ಯಾಗಿಂದ ಇಣುಕಿ ನೋಡ್ಲೇನು?”

ಕಾಶಮ್ಮ ನಗಲಿಲ್ಲ. “ಏರು ಮತ್ತ. ನಿಚ್ಚಣಿಕಿ ಹಿತ್ತಲದಾಗ ಅದ.”

ಏರಿದೆ. ಕಾದ ಹಂಚಿನಂಥ ಕಲ್ಲಿನ ಮೇಲೆ ರೊಟ್ಟಿಯಂತೆ ಬೋರಲು ಬಿದ್ದೆ. ಮೇಲೆ ನೆಟ್‌ವರ್ಕ್ ತುಂಬಿತ್ತು. ಗೇಣಗಲದ ಆ ಕಿಂಡಿಯಲ್ಲಿ ಟ್ಯಾಬನ್ನು ಕೆಳಮುಖವಾಗಿ ಹಿಡಿದೆ. ಕೆಳಗೆ ಕಿಂಡಿಯಿಂದ ಬಿಸಿಲಿನ ಒಂದೇ ಕೋಲು ಇಳಿದಿತ್ತು. ಕಾಶಮ್ಮ ಬೀಸುಕಲ್ಲಿನ ಮೇಲೆ ನಿಂತು, ಒದ್ದೆ ಬಟ್ಟೆಯಲ್ಲಿ ಅರಿಷಿಣ ಒರೆಸಿದ ಕೂಸನ್ನು ಎರಡೂ ಕೈಯಲ್ಲಿ ಆ ಬೆಳಕಿಗೆ ಎತ್ತಿದಳು. ಒರೆಸಿದರೂ ಹಳದಿ ಹೋಗಿರಲಿಲ್ಲ. ಅಷ್ಟು ಬಿಸಿಲಿಗೆ ಟ್ಯಾಬಿನ ಬೆಳ್ಳಗೆ ಮಾಡುವ ಚಟವೂ ನಡೆಯಲಿಲ್ಲ.

“ಪಾದದವರೆಗೂ ಹಳದಿ ಇದೆ. ಇದು ಕಾಮಾಲೆ, ಜೋರಾಗಿದೆ. ಈಗಲೇ ಹೊರಡಿ” ಅಂದರು ಮೇಡಂ.

ನಂಬರ್ ಬರಬೇಕಲ್ಲ. ಪರದೆ ಕೂಸಿನ ಹೆಸರು ಕೇಳಿತು. ಖಾಲಿ ಬಿಟ್ಟರೆ ಮುಂದೆ ಹೋಗಲು ಬಿಡಲಿಲ್ಲ.

“ಆಯಿ, ಕೂಸಿನ ಹೆಸರೇನು?”

“ತೊಟ್ಟಲಾಗ ಹಾಕಲಾರ್ದ ಹೆಸರು ಎಲ್ಲಿಂದ ಬರ್ತದೋ ಮಬ್ಬ?”

ಬೆವರಿಗೆ ಬೆರಳು ಜಾರುತ್ತಿತ್ತು. ಕಣ್ಣು ಮುಚ್ಚಿದರೂ ತಪ್ಪಿಲ್ಲದೆ ಒತ್ತಬಹುದಾದ ಒಂದೇ ಹೆಸರು ಒತ್ತಿದೆ: ಮಲ್ಲು. ನಂಬರ್ ಬಂತು. ಕಾಶಮ್ಮ ಕೂಸನ್ನು ಸೆರಗಿನಲ್ಲಿ ಸುತ್ತಿ, ಭಾಗ್ಯಳ ಕೈ ಹಿಡಿದು ಓಡಿದಳು. ಖಾಜಾಭಾಯಿ ಕಲಬುರಗಿ ಮುಟ್ಟುವವರೆಗೆ ಹಾರ್ನಿನಿಂದ ಕೈ ತೆಗೆಯಲಿಲ್ಲ.

ಕೂಸು ಉಳಿಯಿತು. ನೀಲಿ ಬೆಳಕಿನ ಪೆಟ್ಟಿಗೆಯಲ್ಲಿ ಮಲಗಿಸಿ, ರಕ್ತ ಬದಲಿಸಿ ಉಳಿಸಿದರು.

ಮರುತಿಂಗಳು ಆಫೀಸಿನ ಮೀಟಿಂಗಿನಲ್ಲಿ ನನ್ನನ್ನು ಎಬ್ಬಿಸಿ ನಿಲ್ಲಿಸಿದರು. ಓಣಿಯ ಯಾರೋ ತೆಗೆದ ಫೋಟೊ, ನಾನು ಮಾಳಿಗೆಯ ಮೇಲೆ ಹಲ್ಲಿಯಂತೆ ಬಿದ್ದದ್ದು, ಗೋಡೆಯಗಲ ಕಾಣಿಸಿತು. ಕೆಳಗೆ ‘ತಂತ್ರಜ್ಞಾನ ಮನೆಬಾಗಿಲಿಗೆ’ ಎಂದು ಬರೆದಿದ್ದರು. ಎಲ್ಲರೂ ಚಪ್ಪಾಳೆ ಹೊಡೆದರು. ಗಾಡಿ ಅಗಸಿಯಲ್ಲಿ ಅರ್ಧ ದಿನ ಯಾಕೆ ನಿಂತಿತ್ತು ಎಂದು ಯಾರೂ ಕೇಳಲಿಲ್ಲ. ನಾನು ಕೇಳಿದ್ದಕ್ಕೆ, “ಕೇಸ್ ಸಕ್ಸಸ್ ಆಗೇದಲ್ಲೋ, ಮತ್ತೇನು?” ಅಂದರು. ಕಾನೂನು ಇವತ್ತಿಗೂ ಹಾಗೇ ಇದೆ. ನಾನೂ ಖಾಜಾಭಾಯಿಯೂ ಈಗ ರೋಗಿಯನ್ನು ಮೊದಲು ಗಾಡಿಯಲ್ಲಿ ಕೂರಿಸುತ್ತೇವೆ, ಟ್ಯಾಬನ್ನು ದಾರಿಯಲ್ಲಿ ತೆಗೆಯುತ್ತೇವೆ. ಇಬ್ಬರಿಗೂ ಒಂದೊಂದು ಮೆಮೊ ಬಂದಿದೆ. ಕೆಲಸ ಕಲಿಸಿದ್ದು ಇಷ್ಟು: ಕಣ್ಣಿಗೆ ಕಂಡದ್ದನ್ನು ಗಾಜಿಗೂ ಕಾಣಿಸಿ ಆಮೇಲೆ ಓಡುತ್ತೇನೆ ಅನ್ನುವವನು ತಡವಾಗಿಯೇ ಮುಟ್ಟುತ್ತಾನೆ.

ಹೋದ ತಿಂಗಳು ಅದೇ ಹಳ್ಳಿಯ ಪಾಳಿ ಬಂತು. ಕಾಶಮ್ಮ ಬಾಗಿಲಲ್ಲಿ ಜೋಳ ಹಸನು ಮಾಡುತ್ತಿದ್ದಳು. ಅಂಗಳದಲ್ಲಿ ಅಂದಿನ ಕೂಸು, ಈಗ ಎರಡು ವರ್ಷದ ಪೋರ, ನನಗೆ ಬೆನ್ನು ಹಾಕಿ ಕಲ್ಲಿನ ಮೇಲೆ ಕಲ್ಲು ಪೇರಿಸುತ್ತಿದ್ದ. ದವಾಖಾನೆಯ ಕಾರ್ಡಿನಲ್ಲಿ ಬಿದ್ದ ಹೆಸರನ್ನೇ ತೊಟ್ಟಿಲಲ್ಲೂ ಇಟ್ಟಿದ್ದರು.

“ಏ ಮಲ್ಲು” ಎಂದು ನನ್ನ ಹೆಸರನ್ನೇ ಕೂಗಿದೆ. ಇನ್ನೊಮ್ಮೆ, ಜೋರಾಗಿ ಕೂಗಿದೆ.

ಕಾಶಮ್ಮ ಮೊರ ಕೆಳಗಿಟ್ಟಳು. “ಕಾಮಾಲಿ ಕಿವಿ ಒಯ್ತು ಯಪ್ಪಾ. ಮುಂದ ಹೋಗಿ ನಿಂದ್ರು. ನಿನ್ನ ಮಾರಿ ನೋಡಿದ್ರ ನಗ್ತಾನ.”