ಆಯಿಗೆ ಓದಿ ಹೇಳಿದ ಬೇಸಿಗೆ

ನನ್ನ ನಾದಿನಿಯ ಮಗಳು ರಜೆಗೆಂದು ಸಿಂದಗಿಯಿಂದ ಇಂಡಿ ಊರಿನ ನಮ್ಮ ಮನೆಗೆ ಬಂದಾಗ ಐದನೆಯ ತರಗತಿ ಮುಗಿಸಿದ್ದಳು. ಜಾಣ ಹುಡುಗಿ. ಆದರೆ ಪುಸ್ತಕ ಅಂದರೆ ಅವಳಿಗೆ ಪರೀಕ್ಷೆ, ಅಷ್ಟೇ. ನಾನು ಶಾಲೆಯಲ್ಲಿ ಪಾಠ ಹೇಳುವವಳು, ಸುಮ್ಮನಿರಲಾಗಲಿಲ್ಲ. ಕತೆಪುಸ್ತಕಗಳನ್ನು ತಂದು ಅವಳ ಹಾಸಿಗೆಯ ಪಕ್ಕ ಇಟ್ಟೆ. ಎರಡು ಪುಟ ಓದಿದರೆ ಮೊಬೈಲು ಕೊಡುತ್ತೇನೆ ಅಂದೆ. ಅವಳು ಗಡಬಡಿಸಿ ಎರಡು ಪುಟ ಮುಗಿಸಿ ಕೈಚಾಚುತ್ತಿದ್ದಳು.

"ಏನಿತ್ತವ್ವಾ ಅದರಾಗ?" ಅಂತ ಒಮ್ಮೆ ಕೇಳಿದೆ.

"ಪ್ರಶ್ನಿನೂ ಕೇಳ್ತೀರೇನ್ರಿ ಮಾಮಿ? ಸಾಲಿ ಸೂಟಿ ಐತಲ್ರಿ," ಅಂದಳು.

ನಾನು ಮೊಬೈಲು ಕೊಟ್ಟುಬಿಟ್ಟೆ.

ಅದೇ ವಾರ ನಮ್ಮ ಅತ್ತೆಗೆ ವಿಜಯಪುರದಲ್ಲಿ ಕಣ್ಣಿನ ಪೊರೆಯ ಆಪರೇಶನ್ ಆಯಿತು. ಈ ಹುಡುಗಿಗೆ ಅವರು ತಾಯಿಯ ತಾಯಿ; ಆಯಿ ಅಂತಲೇ ಕರೆಯುತ್ತಾಳೆ. ಮಧ್ಯಾಹ್ನ ಊಟವಾದ ಮೇಲೆ ಪಡಸಾಲೆಯ ಹೊರಸಿನ ಮೇಲೆ ಕಾದಂಬರಿ ಹಿಡಿದು ಕೂರುವುದು ಅತ್ತೆಯ ಬಹುಕಾಲದ ರೂಢಿ. ಈಗ ಕಪ್ಪು ಕನ್ನಡಕ ಹಾಕಿಕೊಂಡು ಬರಿಗೈಯಲ್ಲಿ ಕೂತರು. ಅರ್ಧ ಓದಿದ ಕಾದಂಬರಿ ದಿಂಬಿನ ಕೆಳಗೇ ಇತ್ತು.

ಒಂದು ಮಧ್ಯಾಹ್ನ ಕರೆಂಟು ಹೋಯಿತು. ಮೊಬೈಲೂ ಆರಿತು. ಹುಡುಗಿ ಮುಖ ಸೊಟ್ಟ ಮಾಡಿಕೊಂಡು ನೆಲದ ಮೇಲೆ ಹೊರಳಾಡುತ್ತಿದ್ದಳು.

"ಬಾ ಇಲ್ಲಿ," ಅತ್ತೆ ದಿಂಬಿನ ಕೆಳಗೆ ಕೈಹಾಕಿದರು. "ಕುದರಿ ಹೊಳ್ಯಾಗ ಬಿದ್ದೈತಿ. ಮುಂದೇನಾತು ಓದಿ ಹೇಳು. ನನಗ ಕಾಣವಲ್ದು."

"ಯಾರ ಕುದರಿ?"

"ಓದು, ತಿಳೀತೈತಿ."

ಅವಳು ಒಂದೊಂದೇ ಅಕ್ಷರ ಕೂಡಿಸಿ ಓದತೊಡಗಿದಳು. ಅಡುಗೆಮನೆಯಲ್ಲಿದ್ದ ನನ್ನ ನಾಲಿಗೆ ತಿದ್ದಲು ತವಕಿಸುತ್ತಿತ್ತು. ಅತ್ತೆ ಒಂದು ತಪ್ಪನ್ನೂ ತಿದ್ದಲಿಲ್ಲ. ಯಾವುದೋ ದೊಡ್ಡ ಶಬ್ದಕ್ಕೆ ಅವಳು ಸಿಕ್ಕಿಕೊಂಡರೆ, "ಬಿಡದನ್ನ, ಕುದರಿ ಎಲ್ಲೈತಿ ನೋಡು," ಅನ್ನುತ್ತಿದ್ದರು. ನಡುವೆ ಕುದುರೆಯ ಮಾಲೀಕನನ್ನು ಬೈದರು, "ಇಂಥಾ ಮಳ್ಯಾಗ ಹೊಳಿಗೆ ಇಳೀತಾನ, ಬುದ್ಧಿ ಐತೇನು ಅವಗ!" ಹುಡುಗಿ ನಕ್ಕಳು. "ಆಯಿ, ನೀ ಬೈದ್ರ ಅವಗೇನ್ ಕೇಳಸ್ತೈತಿ?"

ಮಾಲೀಕ ಕುದುರೆಯ ಹಿಂದೆ ನೀರಿಗೆ ಧುಮುಕಿದ. ಅಷ್ಟರಲ್ಲಿ ಅತ್ತೆ, "ಇವತ್ತಿಗೆ ಸಾಕು, ಕಣ್ಣಿಗೆ ಔಷಧ ಹಾಕೋ ಹೊತ್ತಾತು," ಅಂದುಬಿಟ್ಟರು.

ಸಂಜೆ ಸಂಡಿಗೆ ಎತ್ತಿಕೊಂಡು ಬರಲು ಮಾಳಿಗೆ ಹತ್ತಿದೆ. ನೀರಿನ ಟಾಕಿಯ ನೆರಳಿನಲ್ಲಿ ಹುಡುಗಿ ಕೂತಿದ್ದಳು. ಮಡಿಲಲ್ಲಿ ಆಯಿಯ ಕಾದಂಬರಿ. ತುಟಿ ಅಲುಗುತ್ತಿತ್ತು, ಬೆರಳು ಸಾಲಿನ ಮೇಲೆ ಸರಿಯುತ್ತಿತ್ತು. ನನ್ನನ್ನು ಕಂಡು ಬೆಚ್ಚಿದಳು.

"ಆಯಿಗೆ ಹೇಳಬ್ಯಾಡ್ರಿ ಮಾಮಿ. ತಡಕೊಳ್ಳಾಕ ಆಗ್ಲಿಲ್ಲ."

"ಇಲ್ಲ, ಹೇಳಂಗಿಲ್ಲ. ಓದು," ಅಂದೆ. ಸಂಡಿಗೆಯನ್ನು ಅಲ್ಲೇ ಬಿಟ್ಟು, ಸಪ್ಪಳವಾಗದಂತೆ ಕೆಳಗಿಳಿದೆ.

ಮರುದಿನ ಏನೂ ಗೊತ್ತಿಲ್ಲದವಳಂತೆ ಓದಲು ಕೂತಳು. ಆದರೆ ನಿನ್ನೆ ತಡವರಿಸಿದ್ದ ಹುಡುಗಿ ಇಂದು ಸರಾಗವಾಗಿ ಓದುತ್ತಿದ್ದಳು. ದುಃಖದ ಮಾತು ಬರುವ ಮೊದಲೇ ಅವಳ ದನಿ ಸಣ್ಣದಾಗುತ್ತಿತ್ತು. ಅತ್ತೆ ಸ್ವಲ್ಪ ಹೊತ್ತು ಕೇಳಿ, "ಮೊದಲ ಓದಿಬಿಟ್ಟೀದಿ, ಹೌದಿಲ್ಲೋ?" ಅಂದರು.

ಹುಡುಗಿ ತಲೆ ತಗ್ಗಿಸಿದಳು.

"ಹಂಗಾರ ಲಗೂನ ಹೇಳು, ಕುದರಿ ಉಳೀತೇನು? ರಾತ್ರೆಲ್ಲಾ ನನಗ ನಿದ್ದಿ ಬಂದಿಲ್ಲ!"

ಇಬ್ಬರೂ ಬಿದ್ದುಬಿದ್ದು ನಕ್ಕರು. ಆಪರೇಶನ್ ಆದ ಕಣ್ಣಿಗೆ ನೀರು ತಂದುಕೊಳ್ಳಬಾರದು ಅಂತ ನಾನು ಒಳಗಿನಿಂದಲೇ ಅತ್ತೆಯನ್ನು ಗದರಬೇಕಾಯಿತು.

ಆ ಕಾದಂಬರಿ ಮುಗಿಯಿತು, ಇನ್ನೊಂದು ಶುರುವಾಯಿತು. ನಾನು ತಂದಿಟ್ಟ ಕತೆಪುಸ್ತಕಗಳೂ ಒಂದೊಂದಾಗಿ ಮಾಳಿಗೆ ಹತ್ತಿದವು. ಏನು ಓದಿದೆ ಅಂತ ನಾನು ಕೇಳುವುದನ್ನು ಬಿಟ್ಟೆ. ನಾನು ರೊಟ್ಟಿ ಬಡಿಯುವಾಗ ಅವಳೇ ಬಂದು ಪಕ್ಕದಲ್ಲಿ ಕೂತು ಹೇಳುತ್ತಿದ್ದಳು.

ಶಾಲೆ ತೆರೆಯುವ ಮುಂಚೆ ನಾದಿನಿ ಬಂದು ಮಗಳನ್ನು ಕರೆದುಕೊಂಡು ಹೊರಟಳು. ನಾನೂ ನನ್ನ ಯಜಮಾನರೂ ಬಸ್‌ಸ್ಟ್ಯಾಂಡಿಗೆ ಹೋಗಿದ್ದೆವು. ಹುಡುಗಿಗೆ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ನಾನು ಕೈಬೀಸಲು ಸಿದ್ಧಳಾಗಿ ನಿಂತೆ. ಅವಳಾಗಲೇ ಚೀಲದಿಂದ ಪುಸ್ತಕ ತೆಗೆದಿದ್ದಳು. ತಾಯಿ ಮೊಣಕೈಯಿಂದ ತಿವಿದಾಗ ತಲೆ ಎತ್ತಿ, ಎಲ್ಲಿಂದಲೋ ಎದ್ದು ಬಂದವಳಂತೆ ನಮ್ಮತ್ತ ನೋಡಿ ನಕ್ಕು, ಮತ್ತೆ ತಲೆ ತಗ್ಗಿಸಿದಳು. ಬಸ್ಸು ಹೊರಟಿತು.

"ಕೈ ಸೈತ ಮಾಡ್ಲಿಲ್ಲ ನೋಡು," ಯಜಮಾನರು ಬೇಸರಪಟ್ಟರು.

"ಓದಾಕತ್ತಾಳ್ರಿ. ಇರ್ಲಿ ಬಿಡ್ರಿ," ಅಂದೆ.